ಮೊದಲ ಶಾಲು ನಮ್ಮದೇ

ದೋಹಾದ ಕನ್ನಡ ಸ್ನೇಹವೃಂದಕ್ಕೆ ಒಂದು ಚಟವಿತ್ತು. ಹೆಸರುಳ್ಳವರು ಯಾರಾದರೂ ವಿಮಾನದಿಂದ ಇಳಿದರೆಂದು ಗೊತ್ತಾದರೆ ಸಾಕು, ಅವರ ತಲೆಗೊಂದು ಮೈಸೂರು ಪೇಟ, ಹೆಗಲಿಗೊಂದು ಶಾಲು, ಕೈಗೊಂದು ಹಣ್ಣಿನ ಬುಟ್ಟಿ ಕೊಟ್ಟು ಫೋಟೋ ತೆಗೆಸದೆ ಬಿಡುತ್ತಿರಲಿಲ್ಲ. ಮಗಳ ಬಾಣಂತನಕ್ಕೆಂದು ಬಂದಿದ್ದ ನಿವೃತ್ತ ತಹಸೀಲ್ದಾರರಿಗೆ ಸನ್ಮಾನವಾಗಿತ್ತು. ವಿಮಾನ ತಪ್ಪಿ ಒಂದು ದಿನ ಇಲ್ಲಿ ಸಿಕ್ಕಿಬಿದ್ದ ಧಾರಾವಾಹಿ ನಟನಿಗೂ ಆಗಿತ್ತು. ಆ ಪಾಪದವನು ಹಲ್ಲುಜ್ಜುವ ಬ್ರಷ್ಷು ಹುಡುಕಿಕೊಂಡು ನಜ್ಮಾ ಬಡಾವಣೆಯ ಅಂಗಡಿಗಳಲ್ಲಿ ಅಡ್ಡಾಡುತ್ತಿದ್ದಾಗ ಕೈಗೆ ಸಿಕ್ಕಿದ್ದ. ಒಂದು ವರ್ಷ ಯಾರೂ ಸಿಗದೆ ಹೋದಾಗ ಕಾರ್ಯಕಾರಿ ಸಮಿತಿಯವರು ಒಬ್ಬರಿಗೊಬ್ಬರು ಸನ್ಮಾನ ಮಾಡಿಕೊಂಡು ಸಂಪ್ರದಾಯ ಉಳಿಸಿದ್ದರು.

ಈ ವೃಂದಕ್ಕೆ ಹನ್ನೊಂದು ವರ್ಷದಿಂದ ಕಾರ್ಯದರ್ಶಿಯಾಗಿದ್ದವರು ಮೈಸೂರಿನ ಮುದ್ದುಕೃಷ್ಣರು. ಡೇರೆ, ಬೇಲಿ, ಪೋರ್ಟಾ ಕ್ಯಾಬಿನ್ ಹಾಕಿಕೊಡುವ ಒಂದು ಕಂಪನಿಯಲ್ಲಿ ಅಡ್ಮಿನ್ ಮ್ಯಾನೇಜರು. ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯಲ್ಲಿ ಎರಡು ಕೋಣೆಯ ಮನೆ. ಹನ್ನೊಂದು ವರ್ಷದ ಅಷ್ಟೂ ಸನ್ಮಾನದ ಫೋಟೋ ತೆಗೆದು ನೋಡಿದರೆ ಅವರದ್ದೆಂದು ಕಾಣುವುದು ಹರಿವಾಣ ಹಿಡಿದ ಎರಡು ಕೈ ಮತ್ತು ಒಂದು ಕಿವಿ ಮಾತ್ರ. ನಡುವೆ ನಿಂತು ಹಲ್ಲು ಬಿಡುತ್ತಿದ್ದವರು ಅಧ್ಯಕ್ಷ ಯಜ್ಞೇಶ ಶೆಟ್ಟರು. ನಜ್ಮಾದಲ್ಲಿ ಅವರದೊಂದು ಹೋಟೆಲು. ಸಭೆಗೆ ಬಂದವರಿಗೆ ನೀರುದೋಸೆ, ಕೋಳಿ ಸುಕ್ಕ ತಿನ್ನಿಸಿ ಕಳಿಸುತ್ತಿದ್ದರು. ತಿಂದವರು ಕೈ ತೊಳೆದು ಬಂದು ಅದೇ ಕೈ ಎತ್ತುತ್ತಿದ್ದರು. ಹೀಗೆ ನಾಲ್ಕು ವರ್ಷಕ್ಕೊಮ್ಮೆ, ಮೂರು ಸಲ ಅಧ್ಯಕ್ಷರಾದರು. ಮುದ್ದುಕೃಷ್ಣರಿಗೆ ಬೇಕಾದದ್ದು ಆ ಕುರ್ಚಿಯೊಂದೇ. ರಿಟೈರಾಗಿ ಮೈಸೂರಿಗೆ ಹೋಗುವ ಮೊದಲು ಒಂದೇ ಒಂದು ಸಲ ಕೂತು ಇಳಿದರೆ ಸಾಕು, ಗಲ್ಫಿಗೆ ಬಂದದ್ದು ಸಾರ್ಥಕ ಎಂದು ಹೆಂಡತಿಯ ಹತ್ತಿರ ಬಾಯಿಬಿಟ್ಟೇ ಹೇಳಿದ್ದರು.

ಏಷ್ಯನ್ ಗೇಮ್ಸ್ ಮುಗಿದು ಊರಿನ ರಸ್ತೆಗಳ ಬಣ್ಣ ಇನ್ನೂ ಮಾಸದೆ ಇದ್ದ ಚಳಿಗಾಲ ಅದು. ಶನಿವಾರ ಸಂಜೆ ವೃಂದದ ಮಹಾಸಭೆ, ಹೊಸ ಅಧ್ಯಕ್ಷರ ಆಯ್ಕೆ. ಅದೇ ವಾರ ಊರಾಚೆಯ ಗಾಲ್ಫ್ ಮೈದಾನದಲ್ಲಿ ದೊಡ್ಡ ಚಾಂಪಿಯನ್‌ಶಿಪ್. ನಾಲ್ಕು ದಿನದ ಆಟ, ಶನಿವಾರ ಮಧ್ಯಾಹ್ನಕ್ಕೆ ಮುಗಿಯುವಂಥದ್ದು. ಅದಕ್ಕೆ ಡೇರೆ ಹಾಕುವ ಗುತ್ತಿಗೆ ಮುದ್ದುಕೃಷ್ಣರ ಕಂಪನಿಗೆ ಸಿಕ್ಕಿತ್ತು. ಗಾಲ್ಫ್ ಎಂದರೆ ಅವರಿಗೆ ಗೊತ್ತಿದ್ದದ್ದು ಎಷ್ಟು ಡೇರೆ, ಎಷ್ಟು ಗೂಟ ಎನ್ನುವುದಷ್ಟೇ.

ಗುರುವಾರ ಬೆಳಿಗ್ಗೆ ಪೇಪರ್ ಓದುತ್ತಿದ್ದ ಮುದ್ದುಕೃಷ್ಣರು ಕಾಫಿ ಲೋಟ ಕೆಳಗಿಡುವುದನ್ನೇ ಮರೆತರು. ಮೊದಲ ದಿನದ ಆಟದಲ್ಲಿ ಎಲ್ಲರಿಗಿಂತ ಮುಂದಿದ್ದವನು ಕಾಲಿನ್ ಟ್ರೆಗೆನ್ನಾ ಎಂಬ ಇಂಗ್ಲೆಂಡಿನವನು. ಮೂವತ್ತನಾಲ್ಕು ವರ್ಷ, ಈವರೆಗೆ ಒಂದೂ ದೊಡ್ಡ ಪಂದ್ಯ ಗೆದ್ದವನಲ್ಲ. ಪೇಪರಿನವರು ಕೇಳಿದ್ದಕ್ಕೆ ಅವನು ಹೇಳಿದ್ದ: ನನ್ನ ಅಜ್ಜ ಕೋಲಾರದ ಚಿನ್ನದ ಗಣಿಯಲ್ಲಿ ಇಂಜಿನಿಯರ್ ಆಗಿದ್ದರು, ಅಪ್ಪ ಹುಟ್ಟಿದ್ದು ಅಲ್ಲೇ, ಹುಲ್ಲೇ ಇಲ್ಲದ ಕೆಮ್ಮಣ್ಣಿನ ಮೈದಾನದಲ್ಲಿ ಅಪ್ಪ ಗಾಲ್ಫ್ ಕಲಿತರು, ನನಗೆ ಕಲಿಸಿದ್ದು ಅಪ್ಪ.

"ಕಾಂತಾ, ಇವನು ನಮ್ಮವನು ಕಣೇ!" ಎಂದು ಮುದ್ದುಕೃಷ್ಣರು ಕೂಗಿದರು.

ಹೆಂಡತಿ ಕಾಂತಾಮಣಿ ಮೈಸೂರಿನಲ್ಲಿ ಹದಿನೆಂಟು ವರ್ಷ ಇಂಗ್ಲಿಷ್ ಟೀಚರಾಗಿದ್ದವಳು. ಪೇಪರ್ ಇಸಿದುಕೊಂಡು ಅವನ ಫೋಟೋ ನೋಡಿದಳು. ಕೆಂಪು ಕೂದಲು, ಮೂಗಿನ ತುಂಬ ಮಚ್ಚೆ.

"ಯಾವ ಕಡೆಯಿಂದ ನಮ್ಮವನು?"

"ಕೋಲಾರದ ಮಣ್ಣಿನ ಮೊಮ್ಮಗ. ಅಪ್ಪ ಹುಟ್ಟಿದ್ದು ಅಲ್ಲಿನ ಚಾಂಪಿಯನ್ ರೀಫ್ ಗಣಿಯ ಹತ್ತಿರ. ಮಗ ಚಾಂಪಿಯನ್ ಆಗ್ದೇ ಇರ್ತಾನಾ?"

ಅಂದೇ ಸಂಜೆ ಯಜ್ಞೇಶ ಶೆಟ್ಟರ ಹೋಟೆಲಿನ ಮಾಳಿಗೆಯಲ್ಲಿ ತುರ್ತು ಸಭೆ ಸೇರಿತು. ಶನಿವಾರದ ಮಹಾಸಭೆಯಲ್ಲಿ ವಿಶ್ವಮಾನ್ಯ ಗಾಲ್ಫ್ ಚಾಂಪಿಯನ್, ಕೋಲಾರದ ಕುವರ ಟ್ರೆಗೆನ್ನಾ ಅವರಿಗೆ ಸನ್ಮಾನ ಎಂದು ಮುದ್ದುಕೃಷ್ಣರು ಠರಾವು ಮಂಡಿಸಿದರು.

"ಆಟ ಮುಗಿದಿಲ್ಲ ಅಲ್ವಾ ಮಾರಾಯ್ರೆ? ಇನ್ನೂ ಎರಡು ದಿನ ಉಂಟು" ಎಂದರು ಶೆಟ್ಟರು.

"ಪ್ರೆಸ್ಸಿನವನಿಗೆ ಎರಡು ದಿನ ಬೇಕಲ್ಲ ಶೆಟ್ರೇ. ಬ್ಯಾನರು, ಸನ್ಮಾನಪತ್ರ, ಫಲಕ ಎಲ್ಲಾ ಆಗ್ಬೇಕು. ಅವನು ಗೆದ್ದ ಮೇಲೆ ಹೊರಟ್ರೆ ನಮ್ಮ ಕೈಗೆ ಸಿಕ್ತಾನಾ?"

ಸಮಿತಿಯ ದೇಜಪ್ಪ ಕಾರ್ಕಳದ ಕಡೆಯವನು, ಎಸಿ ಮೆಕ್ಯಾನಿಕ್ಕು. ಸಭೆಯಲ್ಲಿ ನ್ಯಾಯವಾದ ಪ್ರಶ್ನೆ ಕೇಳುತ್ತಿದ್ದವನು ಅವನೊಬ್ಬನೇ. "ಅದು ಗೆಲ್ಲೂದು ಹೇಗೆ? ಹೆಚ್ಚು ಹೊಡೆದವನೋ, ಕಮ್ಮಿ ಹೊಡೆದವನೋ?"

"ಕಮ್ಮಿ ಹೊಡೆದವನು" ಎಂದರು ಮುದ್ದುಕೃಷ್ಣರು. ಅವರೂ ಅದನ್ನು ತಿಳಿದುಕೊಂಡು ಒಂದು ಗಂಟೆಯಾಗಿತ್ತಷ್ಟೆ.

"ಹಾಗಾದ್ರೆ ಮನೆಯಲ್ಲೇ ಕೂತವನು ಗೆದ್ದ ಹಾಗೆ" ಎಂದ ದೇಜಪ್ಪ. ಅವನ ಮಾತನ್ನು ನಡಾವಳಿಯಲ್ಲಿ ಬರೆಯಲಿಲ್ಲ. ಠರಾವು ಪಾಸಾಯಿತು.

ಶುಕ್ರವಾರ ಮುದ್ದುಕೃಷ್ಣರು ಕುತ್ತಿಗೆಗೆ ಕಂಪನಿಯ ಪಾಸು ನೇತುಹಾಕಿಕೊಂಡು, ದೇಜಪ್ಪನನ್ನು ಜೊತೆ ಮಾಡಿಕೊಂಡು, ಡೇರೆಯ ಗೂಟ ಪರೀಕ್ಷಿಸುವ ನೆಪದಲ್ಲಿ ಮೈದಾನದ ಒಳಗೆ ನಡೆದರು. ಆಟ ಮುಗಿಸಿ ಬಂದ ಟ್ರೆಗೆನ್ನಾ ಒಬ್ಬನೇ ಅಭ್ಯಾಸ ಮಾಡುತ್ತಿದ್ದ. ಮೂರನೆಯ ದಿನವೂ ಅವನೇ ಮುಂದೆ. ಮೊದಲ ದಿನದಿಂದ ಕೊನೆಯ ದಿನದವರೆಗೆ ಒಮ್ಮೆಯೂ ಹಿಂದೆ ಬೀಳದೆ ಆ ಕಪ್ಪನ್ನು ಗೆದ್ದವರು ಅಲ್ಲಿಯವರೆಗೆ ಯಾರೂ ಇರಲಿಲ್ಲವಂತೆ; ಗೆದ್ದರೆ ಇತಿಹಾಸ ಎಂದು ಪೇಪರಿನವರು ಬರೆದಿದ್ದರು. ಕೋಲಾರ ಎಂಬ ಹೆಸರು ಕಿವಿಗೆ ಬಿದ್ದದ್ದೇ ಅವನ ಮುಖ ಅರಳಿತು. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು, ಆ ಊರಿನ ಹೆಸರು ಹೇಳುವವರೇ ಸಿಕ್ಕಿರಲಿಲ್ಲ ಎಂದ. ಅಪ್ಪ ಕಲಿಸಿದ ನಿಮ್ಮ ಭಾಷೆಯ ಎರಡು ಮಾತು ಇನ್ನೂ ನೆನಪಿದೆ ಎಂದು ಕೈ ಜೋಡಿಸಿ, "ವಾಂಗ, ವಾಂಗ, ಉಕ್ಕಾರುಂಗ" ಎಂದ.

ಬನ್ನಿ, ಕೂತುಕೊಳ್ಳಿ ಎಂಬ ಅಚ್ಚ ತಮಿಳು ಅದು. ಮುದ್ದುಕೃಷ್ಣರು ತಿದ್ದಲು ಹೋಗಲಿಲ್ಲ. ಆಮೇಲೆ ಕಾರಿನಲ್ಲಿ ದೇಜಪ್ಪನಿಗೆ, ಅದು ಹಳಗನ್ನಡ, ಗಣಿಯ ಕಡೆ ಇನ್ನೂ ಬಳಕೆಯಲ್ಲಿದೆ ಎಂದು ವಿವರಿಸಿದರು.

ಶನಿವಾರ ಸಂಜೆ ಹದಿನೈದೇ ನಿಮಿಷ ಬಂದು ಹೋಗಬೇಕು ಎಂಬ ಕೋರಿಕೆಗೆ ಟ್ರೆಗೆನ್ನಾ ಖಂಡಿತ ಎಂದ. ಗೆದ್ದರೂ ಬರುತ್ತೇನೆ, ಸೋತರೂ ಬರುತ್ತೇನೆ ಎಂದು ಕೈ ಕುಲುಕಿದ. ಮಾತು ಕೊಟ್ಟರೆ ಉಳಿಸಿಕೊಳ್ಳುವ ಜಾತಿಯ ಮನುಷ್ಯ ಅವನು. ಮುದ್ದುಕೃಷ್ಣರಿಗೆ ಮಾತ್ರ ನಂಬಿಕೆ ಬರಲಿಲ್ಲ. ಅತಿಥಿಗಳು ಕೊನೆ ಗಳಿಗೆಯಲ್ಲಿ ಕೈಕೊಡುವುದನ್ನು ಹನ್ನೊಂದು ವರ್ಷದಿಂದ ನೋಡಿದವರು ಅವರು.

"ಬಹುಮಾನ ಕೊಟ್ಟ ಮೇಲೆ ಶೇಖ್‌ಗಳು, ಬ್ಯಾಂಕಿನವರು, ಟಿವಿಯವರು ಮುತ್ತಿಕೊಂಡು ಎಳ್ಕೊಂಡ್ ಹೋಗ್ಬಿಡ್ತಾರೆ. ಅವರಿಗಿಂತ ಮೊದಲು ನಾವು ಹಾಕ್ಬಿಡ್ಬೇಕು" ಎಂದರು ದೇಜಪ್ಪನಿಗೆ. "ಸಂಜೆ ಬಂದ್ರೆ ಇನ್ನೊಂದ್ಸಲ ಮಾಡೋಣ, ಬರ್ದಿದ್ರೆ ಫೋಟೋ ಆದ್ರೂ ಇರುತ್ತೆ. ಮೊದಲ ಶಾಲು ನಮ್ಮದೇ ಆಗಿರ್ಬೇಕು."

ಆ ಫೋಟೋದ ನಡುವೆ ಯಾರಿರುತ್ತಾರೆ ಎನ್ನುವುದನ್ನು ಅವರು ಹೇಳಲಿಲ್ಲ. ಶೆಟ್ಟರಿಗೆ ಪಾಸು ಮಾಡಿಸಿರಲಿಲ್ಲ ಎಂದ ಮೇಲೆ ಹೇಳುವ ಅಗತ್ಯವೂ ಇರಲಿಲ್ಲ.

ಶನಿವಾರ ಮಧ್ಯಾಹ್ನ ಮೂವರು ಹೋದರು. ಮುದ್ದುಕೃಷ್ಣರ ಕೈಯಲ್ಲಿ ಶಾಲು. ದೇಜಪ್ಪನ ತಲೆಯ ಮೇಲೆ ಪೇಟದ ಡಬ್ಬಿ, ಕಂಕುಳಲ್ಲಿ ಸುತ್ತಿದ ಬ್ಯಾನರು. ಜೊತೆಗೆ ನಜ್ಮಾದ ಸ್ಟುಡಿಯೋದ ಹಸೈನಾರ್, ಕ್ಯಾಮೆರಾ ಸಮೇತ. ಮೂವರ ಕುತ್ತಿಗೆಯಲ್ಲೂ ಡೇರೆ ಕಂಪನಿಯ ಪಾಸು. ಕೊನೆಯ ಗುಂಡಿಯ ಹತ್ತಿರ ಜನ ಉಸಿರು ಬಿಗಿಹಿಡಿದು ನಿಂತಿದ್ದರು. ಟ್ರೆಗೆನ್ನಾ ಒಂದೇ ಒಂದು ಹೊಡೆತ ಮುಂದಿದ್ದ. ಹನ್ನೆರಡು ಅಡಿ ದೂರದಿಂದ ತಳ್ಳಿದ ಚೆಂಡು ಉರುಳಿ ಉರುಳಿ ಗುಂಡಿಯ ಅಂಚಿಗೆ ಬಂದು, ಬೀಳಲೋ ಬೇಡವೋ ಎಂದು ಯೋಚಿಸಿ, ಬಿತ್ತು. ಅವನು ಟೋಪಿ ತೆಗೆದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅಪ್ಪನನ್ನು ನೆನೆದು ಅಳುತ್ತಿದ್ದಾನೆ ಎಂದು ಯಾರಿಗಾದರೂ ತಿಳಿಯುವಂತಿತ್ತು. ಮುದ್ದುಕೃಷ್ಣರ ಕಣ್ಣೂ ಒದ್ದೆಯಾಯಿತು. ಅದರಲ್ಲಿ ಸುಳ್ಳಿರಲಿಲ್ಲ.

ಗಾಲ್ಫಿನಲ್ಲಿ ಆಟ ಮುಗಿಯುವುದು ಚೆಂಡು ಗುಂಡಿಗೆ ಬಿದ್ದಾಗ ಅಲ್ಲ. ಆಟಗಾರ ಒಂದು ಸಣ್ಣ ಡೇರೆಗೆ ಹೋಗಿ, ತನ್ನ ಲೆಕ್ಕದ ಚೀಟಿಯನ್ನು ಗುಂಡಿ ಗುಂಡಿಗೂ ತಾಳೆ ನೋಡಿ, ಸಹಿ ಹಾಕಿ ಒಪ್ಪಿಸಬೇಕು. ಸಹಿ ಹಾಕದೆ ಡೇರೆಯ ಸುತ್ತ ಕಟ್ಟಿದ ಹಗ್ಗ ದಾಟಿದರೆ ಆಟದಿಂದಲೇ ಹೊರಗೆ. ಇದು ಆಟದವರಿಗೆಲ್ಲ ಗೊತ್ತು. ಡೇರೆ ಹಾಕಿದವರಿಗೆ ಗೊತ್ತಿರಲಿಲ್ಲ. ಆದರೆ ಆ ಡೇರೆಗೆ ಹಿಂಬದಿಯಲ್ಲೂ ಒಂದು ಪರದೆಯಿದೆ ಎನ್ನುವುದು ಡೇರೆ ಹಾಕಿದವರಿಗಲ್ಲದೆ ಬೇರೆಯವರಿಗೆ ಗೊತ್ತಿರಲಿಲ್ಲ.

ಮುಂಬಾಗಿಲಿನಲ್ಲಿ ಟಿವಿಯವರ ನೂಕುನುಗ್ಗಲು. ಒಳಗಿದ್ದ ಅಧಿಕಾರಿ ಅವರನ್ನು ತಡೆಯಲು ಎದ್ದು ಹೋಗಿದ್ದ. ಜೊತೆಗೆ ಆಡಿದವನು ತನ್ನ ಕೆಲಸ ಮುಗಿಸಿ ಹೊರಟಾಗಿತ್ತು. ಟ್ರೆಗೆನ್ನಾ ಒಬ್ಬನೇ ಪೆನ್ನು ಹಿಡಿದು ಕೂತಿದ್ದ. ಆಗ ಹಿಂದಿನ ಪರದೆ ಸರಿದು ಮುದ್ದುಕೃಷ್ಣರ ತಲೆ ಒಳಗೆ ಬಂತು.

"ಕಂಗ್ರಾಜುಲೇಷನ್ಸ್ ಸರ್! ಕೋಲಾರ್! ಒನ್ ಮಿನಿಟ್, ಓನ್ಲಿ ಒನ್ ಫೋಟೋ!"

ಟ್ರೆಗೆನ್ನಾ ನಕ್ಕ. ಚೀಟಿ ತೋರಿಸಿ, ಇದಕ್ಕೊಂದು ಸಹಿ ಹಾಕಿ ಬರುತ್ತೇನೆ ಎಂದ.

ಇಲ್ಲಿ ಮುದ್ದುಕೃಷ್ಣರ ಆಫೀಸಿನ ಸಂಗತಿ ಸ್ವಲ್ಪ ಹೇಳಬೇಕು. ಅಲ್ಲಿ ದಿನಕ್ಕೆ ನಲವತ್ತು ಕಾಗದಕ್ಕೆ ಸಹಿ ಬೀಳುತ್ತಿತ್ತು. ಡೇರೆ ಹಾಕಿ, ಬಿಚ್ಚಿ, ಗೋದಾಮಿಗೆ ಸೇರಿಸಿದ ಮೇಲೆ ಡೇರೆ ಹಾಕಲು ಅನುಮತಿ ಪತ್ರ ತಯಾರಾಗುತ್ತಿತ್ತು. ರಜೆ ಮುಗಿಸಿ ಬಂದವರ ರಜೆಯ ಅರ್ಜಿ ಮಂಜೂರಾಗುತ್ತಿತ್ತು. ಕೆಲಸ ಮೊದಲು, ಸಹಿ ಆಮೇಲೆ, ಮೇಲೆ ಹಿಂದಿನ ತಾರೀಖು. ಇಪ್ಪತ್ತೆರಡು ವರ್ಷ ಹೀಗೆಯೇ ನಡೆದಿತ್ತು, ಆಕಾಶ ಕಳಚಿ ಬಿದ್ದಿರಲಿಲ್ಲ.

"ಸೈನ್ ಆಮೇಲೆ ಮಾಡಬಹುದು ಸರ್, ಅದೆಲ್ಲಿ ಓಡಿಹೋಗುತ್ತೆ!" ಎಂದು ಇಂಗ್ಲಿಷಿನಲ್ಲೇ ಹೇಳಿ ತೋಳು ಹಿಡಿದು ಎಬ್ಬಿಸಿದರು.

ಮೊದಲ ಸಲ ಗೆದ್ದವನು, ಅಪ್ಪನ ಊರಿನವರು ಬಂದು ಕೈ ಹಿಡಿದು ಎಳೆಯುತ್ತಿದ್ದಾರೆ. ಕಾಲು ನೆಲದ ಮೇಲೆ ಇರಲಿಲ್ಲ. ಎದ್ದು ಬಂದ. ಹಗ್ಗದ ಆಚೆ ಇಪ್ಪತ್ತು ಹೆಜ್ಜೆ ದೂರದಲ್ಲಿ ದೇಜಪ್ಪ ಬ್ಯಾನರು ಬಿಡಿಸಿ ಬೇಲಿಗೆ ಕಟ್ಟಿದ್ದ. ಪೇಟ ಏರಿತು, ಶಾಲು ಬಿತ್ತು. ಹಸೈನಾರ್ ಒಂದು, ಎರಡು, ಮೂರು ತೆಗೆದ. ಮುದ್ದುಕೃಷ್ಣರು ಹೆಗಲ ಮೇಲೆ ಕೈ ಹಾಕಿ ನಡುವೆ ನಿಂತರು, ಪೂರ್ತಿ ಮುಖ, ಎರಡೂ ಕಿವಿ. ಎಲ್ಲ ಸೇರಿ ಎರಡು ನಿಮಿಷ.

ಟ್ರೆಗೆನ್ನಾ ಪೇಟದಲ್ಲೇ ತಿರುಗಿ ಹೋದಾಗ ಅಧಿಕಾರಿ ಚೀಟಿ ಹಿಡಿದು ನಿಂತಿದ್ದ. ವಯಸ್ಸಾದ ಮನುಷ್ಯ. ಹಗ್ಗ ದಾಟಿ ಹೋಗಿದ್ದೆಯಾ ಎಂದು ಕೇಳಿದ. ಹೌದು ಎಂದ ಟ್ರೆಗೆನ್ನಾ. ಎರಡು ಕ್ಷಣ ಕಳೆದು ಅವನ ಮುಖದಿಂದ ಬಣ್ಣವೆಲ್ಲ ಇಳಿಯಿತು. ಸುಳ್ಳು ಹೇಳಿದ್ದರೆ ನಡೆದುಹೋಗುತ್ತಿತ್ತು, ಈ ಮೂವರನ್ನು ಬಿಟ್ಟರೆ ನೋಡಿದವರು ಯಾರೂ ಇರಲಿಲ್ಲ. ಯಾರಾದರೂ ಕರೆದರೇ ಎಂದು ಅಧಿಕಾರಿ ಇನ್ನೊಮ್ಮೆ ಕೇಳಿದ. ಟ್ರೆಗೆನ್ನಾ ಹಿಂತಿರುಗಿ ನೋಡಲಿಲ್ಲ. ಇಲ್ಲ, ನಾನೇ ಎದ್ದು ಹೋದೆ ಎಂದ.

ಪರದೆಯ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದ ಮುದ್ದುಕೃಷ್ಣರಿಗೆ ಇದೊಂದು ದೊಡ್ಡ ವಿಷಯ ಎಂದು ಅನ್ನಿಸಿರಲಿಲ್ಲ. ಪಾಸು ಮುಂದೆ ಹಿಡಿದುಕೊಂಡು ಒಳಗೆ ಬಂದು, ಈಗ ಸಹಿ ಹಾಕಿಸಿದರಾಯಿತು, ಸಮಯ ಬೇಕಾದರೆ ಹತ್ತು ನಿಮಿಷ ಹಿಂದಿನದು ಬರೆಯಿರಿ ಎಂದು ಅಧಿಕಾರಿಗೆ ಹಾದಿ ತೋರಿಸಿದರು. ಅಧಿಕಾರಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನೀವು ಯಾರು ಎಂದ. ಮುದ್ದುಕೃಷ್ಣರು ಬಾಯಿ ತೆರೆದರು. ಟ್ರೆಗೆನ್ನಾ ಅಡ್ಡ ಬಂದು, ಡೇರೆಯವರು ಎಂದ.

ಅರ್ಧ ಗಂಟೆಯಲ್ಲಿ ಫಲಿತಾಂಶ ಹೊರಬಿತ್ತು. ಎರಡನೆಯವನೇ ಚಾಂಪಿಯನ್. ನಾಲ್ಕೂ ದಿನ ಮುಂದಿದ್ದವನ ಹೆಸರು ಪಟ್ಟಿಯಲ್ಲೇ ಇರಲಿಲ್ಲ.

"ಖಲಾಸ್" ಎಂದ ಹಸೈನಾರ್, ಕ್ಯಾಮೆರಾದ ಮುಚ್ಚಳ ಹಾಕುತ್ತ.

"ಇದು ನಮ್ಮೊಳಗೇ ಇರ್ಲಿ" ಎಂದರು ಮುದ್ದುಕೃಷ್ಣರು. ದೇಜಪ್ಪ ಆಯಿತು ಎಂದ. ಅವನು ಅದನ್ನು ಹೇಳಿದ್ದು ಇಬ್ಬರಿಗೆ ಮಾತ್ರ. ಒಬ್ಬರು ಯಜ್ಞೇಶ ಶೆಟ್ಟರು, ಇನ್ನೊಬ್ಬಳು ಕಾಂತಾಮಣಿ.

ಸಂಜೆ ಶಾಲೆಯ ಸಭಾಂಗಣದಲ್ಲಿ ಮುನ್ನೂರು ಜನ ಸೇರಿದ್ದರು. ವೇದಿಕೆಯ ಹಿಂದೆ ಬೆಳಿಗ್ಗೆಯೇ ಕಟ್ಟಿದ್ದ, 'ಗಾಲ್ಫ್ ಚಾಂಪಿಯನ್, ಕೋಲಾರದ ಕುವರ' ಎಂಬ ಇನ್ನೊಂದು ಬ್ಯಾನರು. ಇಳಿಸಲು ಸಮಯವೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಸೋತವನು ಬರುವುದಿಲ್ಲ ಎಂದು ಮುದ್ದುಕೃಷ್ಣರು ಲೆಕ್ಕ ಹಾಕಿದ್ದರು. ಆರೋಗ್ಯ ಸರಿಯಿಲ್ಲವೆಂದು ಘೋಷಿಸುವ ವಾಕ್ಯವೂ ತಯಾರಾಗಿತ್ತು. ಏಳು ಗಂಟೆಗೆ ಸರಿಯಾಗಿ ಟ್ರೆಗೆನ್ನಾ ಟ್ಯಾಕ್ಸಿಯಿಂದ ಇಳಿದ. ಪೇಟವನ್ನು ಜೋಪಾನವಾಗಿ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದಿದ್ದ. ಅದನ್ನು ಮತ್ತೆ ಅವನ ತಲೆಗೆ ಇಟ್ಟರು. ಅತಿಥಿಗೆ ಮಾತು ಅರ್ಥವಾಗದೆ ಬೇಜಾರಾಗದಿರಲಿ ಎಂದು ಪಕ್ಕದ ಕುರ್ಚಿಯಲ್ಲಿ ಕಾಂತಾಮಣಿಯನ್ನು ಕೂರಿಸಿದರು. ಅದನ್ನು ಏರ್ಪಾಡು ಮಾಡಿದವರು ಸ್ವತಃ ಮುದ್ದುಕೃಷ್ಣರು, ಗುರುವಾರವೇ.

ಹದಿನೈದು ನಿಮಿಷದ ಕಾರ್ಯಕ್ರಮದಲ್ಲಿ ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ ಮುಗಿಯುವಾಗ ಎಂಟೂವರೆ. ಸಭೆಯಲ್ಲಿ ಗುಸುಗುಸು. ರೇಡಿಯೋದಲ್ಲಿ ಸುದ್ದಿ ಕೇಳಿದವರು ಕೇಳದವರಿಗೆ ಹೇಳುತ್ತಿದ್ದರು. ಏನಾದರೂ ಹೇಳಲೇಬೇಕಿತ್ತು. ಅಭಿನಂದನಾ ನುಡಿಗೆಂದು ಮುದ್ದುಕೃಷ್ಣರು ಮೈಕಿನ ಮುಂದೆ ನಿಂತರು.

"ಬಂಧುಗಳೇ, ಇಂದು ಗೆಲುವು ನಮ್ಮ ಅತಿಥಿಗಳ ಅಂಗೈಯಲ್ಲಿತ್ತು. ಆದರೆ ಒಂದು ಸಣ್ಣ ಸಹಿ ಹಾಕೋದನ್ನ ಅವರು ಮರೆತರು. ಏನು ಮಾಡೋದು, ಹೊರದೇಶದವರು, ನಮ್ಮಷ್ಟು ಶಿಸ್ತು ಅವರಲ್ಲಿ ಇರೋಲ್ಲ. ನಾನು ಅಲ್ಲೇ ಇದ್ದೆ. ನೆನಪು ಮಾಡೋಣ ಅಂತ ಓಡಿದೆ, ಅಷ್ಟರಲ್ಲಿ ಕೈ ಮೀರಿ ಹೋಗಿತ್ತು. ತಪ್ಪು ಮಾಡಿದವರನ್ನೂ ಮನ್ನಿಸಿ ಗೌರವಿಸೋದು ಕನ್ನಡಿಗರ ದೊಡ್ಡ ಗುಣ."

ಸಭೆ ಚಪ್ಪಾಳೆ ತಟ್ಟಿತು. ತನಗೇ ಚಪ್ಪಾಳೆ ಎಂದುಕೊಂಡ ಟ್ರೆಗೆನ್ನಾ ಎದ್ದು ನಿಂತು, ನಾಲ್ಕೂ ಕಡೆ ತಿರುಗಿ ಕೈಮುಗಿದ. ಚಪ್ಪಾಳೆ ಇನ್ನೂ ಜೋರಾಯಿತು. ಕೂತ ಮೇಲೆ ಕಾಂತಾಮಣಿಯ ಕಡೆ ಬಾಗಿ, ಅವರು ಏನು ಹೇಳಿದರು ಎಂದು ಕೇಳಿದ.

ಮೈಕಿನಿಂದ ಕುರ್ಚಿಗೆ ಎರಡು ಹೆಜ್ಜೆ. ಮುದ್ದುಕೃಷ್ಣರಿಗೆ ಎಲ್ಲ ಕೇಳಿಸುತ್ತಿತ್ತು. ಕಾಂತಾಮಣಿ ಗಂಡನ ಮುಖವನ್ನೇ ನೋಡುತ್ತ, ಪಾಠ ಒಪ್ಪಿಸುವ ಹಾಗೆ, ಒಂದು ಪದ ಬಿಡದೆ, ಒಂದು ಪದ ಸೇರಿಸದೆ ಇಂಗ್ಲಿಷಿಗೆ ತಿರುಗಿಸಿದಳು. ಶಿಸ್ತಿಲ್ಲದವರು ಎಂಬುದನ್ನೂ ಹೇಳಿದಳು. ನೆನಪು ಮಾಡಲು ಓಡಿದೆ ಎಂಬುದನ್ನೂ ಹೇಳಿದಳು.

ಟ್ರೆಗೆನ್ನಾ ಸಣ್ಣಗೆ, ಅವರು ಹೇಳಿದ್ದು ಸರಿಯೇ ಎಂದ. ಪೆನ್ನು ನನ್ನ ಕೈಯಲ್ಲೇ ಇತ್ತು, ಯಾರು ಕರೆದರೂ ಮೊದಲು ಸಹಿ ಹಾಕಬೇಕಾದವನು ನಾನು. ಅಧಿಕಾರಿಯ ಹತ್ತಿರ ನಾನು ಅವರ ಹೆಸರು ಹೇಳಲಿಲ್ಲ. ಹೇಳಿದರೆ ನನ್ನ ಕಪ್ಪು ವಾಪಸು ಬರುತ್ತಿರಲಿಲ್ಲ, ಅವರ ಕೆಲಸ ಹೋಗುತ್ತಿತ್ತು ಅಷ್ಟೇ ಎಂದ.

ಕಾಂತಾಮಣಿ ಇದನ್ನು ಕನ್ನಡಕ್ಕೆ ತಿರುಗಿಸಲಿಲ್ಲ. ತಿರುಗಿಸಬೇಕಾದ ಅಗತ್ಯವೂ ಇರಲಿಲ್ಲ. ಮುದ್ದುಕೃಷ್ಣರ ಕಿವಿ ಸುಟ್ಟುಹೋಯಿತು. ಇಪ್ಪತ್ತೆರಡು ವರ್ಷದ ಗಲ್ಫ್ ವಾಸದಲ್ಲಿ ಇಷ್ಟು ನಾಚಿಕೆ ಅವರಿಗೆ ಯಾವತ್ತೂ ಆಗಿರಲಿಲ್ಲ.

ಅಷ್ಟರಲ್ಲಿ ಯಜ್ಞೇಶ ಶೆಟ್ಟರು ಎದ್ದು ಬಂದು ಇನ್ನೊಂದು ಮೈಕು ತೆಗೆದುಕೊಂಡರು.

"ಹೊಸ ಅಧ್ಯಕ್ಷರ ವಿಷಯ ಉಂಟಲ್ಲ, ಅದನ್ನು ಈಗಲೇ ಮುಗಿಸುವ. ಇಲ್ಲಿ ಕೇಳಿ ಮಾರಾಯ್ರೆ. ನೂರಿಪ್ಪತ್ತು ಜನ ಆಟಗಾರರು ನಾಲ್ಕು ದಿನ ಬಿಸಿಲಿನಲ್ಲಿ ಒದ್ದಾಡಿದ್ರು, ಈ ಮನುಷ್ಯನನ್ನು ಸೋಲಿಸ್ಲಿಕ್ಕೆ ಆಗ್ಲಿಲ್ಲ. ನಮ್ಮ ಮುದ್ದುಕೃಷ್ಣರು ಒಂದು ಶಾಲು ಹಿಡ್ಕೊಂಡು ಹೋದ್ರು, ಎರಡೇ ನಿಮಿಷದಲ್ಲಿ ಸೋಲಿಸಿ ಬಂದ್ರು! ಇಂಥವರನ್ನು ಬಿಟ್ಟು ನಾನು ಆ ಕುರ್ಚಿಯಲ್ಲಿ ಕೂತ್ರೆ ದೇವರು ಮೆಚ್ಚುವುದಿಲ್ಲ. ನನ್ನ ಸೂಚನೆ ಅವರ ಹೆಸರೇ."

ಶೆಟ್ಟರಿಂದ ವಿಷಯ ಗೊತ್ತಾಗಿದ್ದವರು ಹೊಟ್ಟೆ ಹಿಡಿದು ನಕ್ಕರು. ಗೊತ್ತಿಲ್ಲದವರು ಅವರು ನಕ್ಕರೆಂದು ನಕ್ಕರು. ದೇಜಪ್ಪ ಅನುಮೋದಿಸಿದ. ಮುನ್ನೂರು ಕೈ ಮೇಲಕ್ಕೆ ಹೋಯಿತು. ಅವಿರೋಧ ಆಯ್ಕೆ. ವೃಂದದ ಇತಿಹಾಸದಲ್ಲಿ ಅದೂ ಮೊದಲನೆಯದೇ.

ಏನಾಯಿತು ಎಂದು ಟ್ರೆಗೆನ್ನಾ ಕೇಳಿದ. ನನ್ನ ಯಜಮಾನರು ಗೆದ್ದರು ಎಂದಳು ಕಾಂತಾಮಣಿ. ಅವನು ತಟ್ಟನೆ ಎದ್ದು ಬಂದು ಮುದ್ದುಕೃಷ್ಣರ ಎರಡೂ ಕೈ ಹಿಡಿದು ಕುಲುಕಿದ. ಆ ನಗುವಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು ಎಂದು ಮುದ್ದುಕೃಷ್ಣರಿಗೆ ಅನ್ನಿಸಿತು.

"ಎರಡು ಮಾತು, ಎರಡು ಮಾತು!" ಎಂದು ಸಭೆ ಕೂಗಿತು. ಮೈಕು ಅವರ ಕೈಗೆ ಬಂತು. ಪಕ್ಕದಲ್ಲಿ ಪೇಟ ತೊಟ್ಟ ಕೆಂಪು ಕೂದಲಿನವನು, ಅವನ ಆಚೆ ಕಣ್ಣು ಮಿಟುಕಿಸದೆ ನೋಡುತ್ತಿರುವ ಹೆಂಡತಿ. ಹೇಳಿಬಿಡಬೇಕು ಎಂದು ಮುದ್ದುಕೃಷ್ಣರು ನಿಜವಾಗಿಯೂ ನಿಶ್ಚಯಿಸಿದರು. ಅವರನ್ನು ಎಬ್ಬಿಸಿ ಕರೆದುಕೊಂಡು ಬಂದವನು ನಾನೇ, ಇಷ್ಟೇ ಮಾತು. ಗಂಟಲಿನವರೆಗೆ ಬಂದಿತ್ತು.

"ಬಂಧುಗಳೇ" ಎಂದರು. ನೀರು ಕುಡಿದರು. ಮತ್ತೊಮ್ಮೆ "ಬಂಧುಗಳೇ" ಎಂದರು.

"ಎಲ್ಲರೂ ಊಟ ಮಾಡಿಕೊಂಡೇ ಹೋಗಬೇಕಾಗಿ ವಿನಂತಿ."